ಅಳೋ ಮಕ್ಕಳಿಗೆ ಸೀಟಿಲ್ಲ

ವಿಮಾನ ಹತ್ತೋಕೆ ಮುಂಚೆ, ಕಾಯೋ ಜಾಗದಲ್ಲೇ ಅಕ್ಕನ ಮಗಳು ಮೂರು ಸಲ ಚಪ್ಪಲಿ ಬಿಸಾಕಿದ್ಲು. ಐದು ವರ್ಷ, ಮನೇಲಿ ಪಟಾಕಿ ಅಂತಾನೇ ಕರೆಯೋದು. ಅವಳ ತಮ್ಮ ಗುಂಡಣ್ಣ, ಹತ್ತು ತಿಂಗಳು, ನಮ್ಮಕ್ಕನ ಹೆಗಲ ಮೇಲೆ ರಾಗ ತೆಗೀತಿದ್ದ. ನಾವು ರಜಕ್ಕೆ ಹೊರಟಿದ್ದ ಊರಿಗೆ ಭಾವ ಕೆಲಸದ ಮೇಲೆ ಮೊದಲೇ ಹೋಗಿ ಸಮುದ್ರದ ಪಕ್ಕ ರೂಮ್ ಮಾಡಿದ್ರು. ಮಕ್ಕಳನ್ನ ಹಿಡ್ಕೊಳ್ಳೋಕೆ ಅಂತ ಜೊತೆಗೆ ಬಂದ ಹೀರೋ ನಾನು, ಅವರ ಮಾಮ.

ರಾತ್ರಿ ವಿಮಾನ ಅನ್ನೋದು ಅಕ್ಕನ ಐಡಿಯಾ. ಮಕ್ಕಳು ದಾರಿಯೆಲ್ಲಾ ಮಲಗಿರ್ತವೆ ಅಂದ್ಕೊಂಡಿದ್ಲು. ಪ್ಯಾಕಿಂಗ್ ಮಾಡ್ತಾ ಎರಡು ರಾತ್ರಿ ಅವಳೇ ಕಣ್ಣು ಮುಚ್ಚಿರಲಿಲ್ಲ. ಗುಂಡಣ್ಣನ ಚಡ್ಡಿ ಬದಲಾಯಿಸೋಕೆ ಅವಳು ಆ ಕಡೆ ಹೋದಾಗ, ಪಟಾಕಿನ ಸುಮ್ಮನಿರಿಸೋ ಡ್ಯೂಟಿ ನಂದು. ನಾನು ವಿಲನ್ ಥರ ದನಿ ದಪ್ಪ ಮಾಡಿ, ಒಂದು ಹುಬ್ಬು ಏರಿಸಿ, ಡೈಲಾಗ್ ಬಿಟ್ಟೆ: “ವಿಮಾನದಲ್ಲಿ ಅಳೋ ಮಕ್ಕಳಿಗೆ ಸೀಟಿಲ್ಲ ಕಣೇ. ಕೆಳಗಡೆ ಸೂಟ್‌ಕೇಸ್‌ಗಳ ಜೊತೆ ಹಾಕಿ ಬಾಗಿಲು ಮುಚ್ಚಿಬಿಡ್ತಾರೆ. ಫುಲ್ ಕತ್ತಲು.”

ಪಟಾಕಿ ಠುಸ್. ಚಪ್ಪಲಿ ತಾನೇ ಹಾಕ್ಕೊಂಡ್ಲು. ವಾಪಸ್ ಬಂದ ಅಕ್ಕ, ಏನೋ ಮೋಡಿ ಮಾಡ್ದೆ ಇವಳಿಗೆ ಅಂದ್ಲು. ಗುಟ್ಟು ಹೇಳಿದ್ರೆ ಹೀರೋಗೆ ಬೆಲೆ ಇರಲ್ಲ ಅಂತ ಕಾಲರ್ ಏರಿಸ್ದೆ.

ಒಳಗೆ ಕಿಟಕಿ ಪಕ್ಕ ಅಕ್ಕ, ಅವಳ ಮಡಿಲಲ್ಲಿ ಗುಂಡಣ್ಣ, ಮಧ್ಯದಲ್ಲಿ ಪಟಾಕಿ, ಈ ತುದೀಲಿ ನಾನು. ದೀಪ ಆರಿದ ಮೇಲೆ ಅಕ್ಕ, ಮಗು ಸ್ವಲ್ಪ ಮಿಸುಕಿದ್ರೂ ನನ್ನ ಎಬ್ಬಿಸೋ ಅಂತ ಎರಡೆರಡು ಸಲ ಹೇಳಿ ಹಾಗೇ ಒರಗಿದ್ಲು. ನಾನು ಇಯರ್‌ಫೋನ್ ಸಿಕ್ಕಿಸ್ಕೊಂಡು ಒಂದು ಹೊಡೆದಾಟದ ಸಿನಿಮಾ ಹಾಕ್ದೆ. ಪಟಾಕಿ ಮಲಗ್ಲಿಲ್ಲ, ತಮ್ಮನ ಕಡೆ ತಿರುಗಿ ಕೂತಿದ್ಲು. ಪಾಪ, ಎಷ್ಟು ಪ್ರೀತಿ ಅನ್ಕೊಂಡೆ.

ಹೀರೋ ಹತ್ತು ಜನನ ಒಟ್ಟಿಗೆ ಎತ್ತಿ ಒಗೀತಿದ್ದಾಗ, ಪರದೆ ಬೆಳಕಲ್ಲಿ ಗುಂಡಣ್ಣನ ಕಾಲು ಕಂಡವು. ಗಾಳೀಲಿ ಒದೀತಿದ್ದವು. ಇಯರ್‌ಫೋನ್ ಕಿತ್ತೆ. ಆಗ್ಲೂ ಸದ್ದಿಲ್ಲ.

ಬಗ್ಗಿ ನೋಡಿದ್ರೆ, ಪಟಾಕಿ ಎರಡೂ ಕೈಲಿ ಹೊದಿಕೆ ತುದಿನ ತಮ್ಮನ ಬಾಯಿ ಮೇಲೆ ಒತ್ತಿ ಹಿಡಿದಿದ್ಲು. ಮೂಗೂ ಅದರೊಳಗೆ. ಅವಳ ಕಣ್ಣಲ್ಲಿ ನೀರು. “ಅಳ್ಬೇಡ್ವೋ, ಬಂದ್ಬಿಡ್ತಾರೆ” ಅಂತ ಪಿಸುಗುಡ್ತಿದ್ಲು.

ಕೈ ಕಿತ್ತು ಹೊದಿಕೆ ಎಳೆದೆ. ಒಂದು ಕ್ಷಣ ಏನೂ ಆಗ್ಲಿಲ್ಲ. ಆಮೇಲೆ ಗುಂಡಣ್ಣ ಉಸಿರು ಎಳ್ಕೊಂಡು, ಇಡೀ ವಿಮಾನ ಎದ್ದು ಕೂರೋ ಹಾಗೆ ಕಿರುಚಿದ.

ಅಕ್ಕ ಬೆಚ್ಚಿಬಿದ್ದು ಅವನನ್ನ ಎದೆಗೆ ಅವುಚ್ಕೊಂಡ್ಲು. ವಿಮಾನದ ಹುಡುಗಿ, ಹಾಲಿಗೆ ಬಿಸಿನೀರು ಬೇಕಾ ಅಂತ ಕೇಳೋಕೆ ಓಡಿ ಬಂದ್ಲು. ಪಟಾಕಿ ಸೀಟಿನ ಮೇಲೆ ನಿಂತು ಎರಡೂ ಕೈ ಅಗಲ ಚಾಚಿದ್ಲು.

“ಅವನಿಗೆ ಕತ್ತಲಂದ್ರೆ ಭಯ ಆಂಟಿ. ನನ್ನ ಹಾಕಿ ಕೆಳಗೆ.”

ಆ ಹುಡುಗಿಗೆ ತಲೆಬುಡ ಅರ್ಥ ಆಗ್ಲಿಲ್ಲ. ಅಕ್ಕ ಬಿಡಿಸಿ ಬಿಡಿಸಿ ಕೇಳಿದ್ಲು. ಪಟಾಕಿ ಒಂದೂ ಬಿಡದೆ ಹೇಳಿದ್ಲು. ನಾನು, ಅದೆಲ್ಲ ತಮಾಷೆಗೆ ಹೇಳಿದ್ದು ಪುಟ್ಟಿ, ಯಾರನ್ನೂ ಕೆಳಗೆ ಹಾಕಲ್ಲ, ದೇವರಾಣೆ ಅಂದೆ.

ಅವಳು ನನ್ನ ಮುಖಾನೇ ನೋಡಿದ್ಲು. “ಆಗ ಹೇಳಿದ್ದು ಸುಳ್ಳಾ ಮಾಮ, ಈಗ ಹೇಳ್ತಿರೋದು ಸುಳ್ಳಾ?”

ಅಕ್ಕ ಬೈದಿದ್ರೆ ತಡ್ಕೊಳ್ತಿದ್ದೆ. ಬೈಲಿಲ್ಲ. ಹಿಂದೆ ಎಲ್ಲಾದ್ರೂ ಖಾಲಿ ಸೀಟಿದ್ರೆ ಹೋಗಿ ಕೂತ್ಕೋ ಅಂದ್ಲು, ಬೇರೆ ಯಾರಿಗೋ ಹೇಳೋ ಥರ.

ನಾಲ್ಕು ಸಾಲು ಹಿಂದೆ, ಆ ಕಡೆ ತುದಿ ಸೀಟಲ್ಲಿ ಕೂತೆ; ಅಲ್ಲಿಂದ ಅವರು ಓರೆಯಾಗಿ ಕಾಣ್ತಿದ್ರು. ಅಕ್ಕ ಮತ್ತೆ ಮಲಗ್ಲಿಲ್ಲ. ಗುಂಡಣ್ಣನ ಮೂಗಿಗೆ ಕಿವಿ ಕೊಟ್ಟು ಉಸಿರು ಕೇಳ್ತಾ ಇದ್ಲು. ಅವನು ಕುಂಯ್ ಅಂದಾಗೆಲ್ಲ ಪಟಾಕಿ ಎದ್ದು ನಿಂತು, ಯಾರಾದ್ರೂ ಬರ್ತಿದಾರಾ ಅಂತ ಹಿಂದೆ ಮುಂದೆ ನೋಡ್ತಿದ್ಲು. ಒಂದ್ಸಲ ಅವಳ ಕಣ್ಣಿಗೆ ನಾನು ಬಿದ್ದೆ. ಕೈ ಬೀಸಿದೆ.

ಅವಳು ಸಟಕ್ಕನೆ ಕೂತು, ತಮ್ಮ ನನಗೆ ಕಾಣದ ಹಾಗೆ ಅವನಿಗೆ ಅಡ್ಡವಾದ್ಲು.