ಬಾಗಿಲ ಬಳಿಯ ಚಾಪೆ

ಅಂಜಿನವ್ವನನ್ನು ಪ್ರಾರ್ಥನೆಯ ನಡುವೆ ಬೆಂಚಿನಿಂದ ಎಬ್ಬಿಸಿ ಬಾಗಿಲ ಬಳಿಯ ಚಾಪೆಗೆ ಕಳಿಸಿದರು. ಎಬ್ಬಿಸಿದವನು ಹರಿಹರದ ಆ ಪುಟ್ಟ ಸಭೆಯ ಪಾದ್ರಿ ಮಾಳಿಂಗಪ್ಪ. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದ ಮರುವರ್ಷದ ಮಾತಿದು.

ಅಂಜಿನವ್ವ ಲೋಕಿಕೆರೆಯ ಕೇರಿಯವಳು, ಹಿಂದಿನ ತಿಂಗಳಷ್ಟೇ ದೀಕ್ಷಾಸ್ನಾನ ಪಡೆದವಳು. ಅವಳ ಸೆರಗು ತಾಗೀತೆಂದು ಮುದುರಿ ಕೂತದ್ದು ದಾವಣಗೆರೆಯ ಮಂಡಿಪೇಟೆಯಿಂದ ರೈಲು ಹತ್ತಿ ಬರುವ ವರ್ತಕ ವಾಮದೇವಪ್ಪನವರ ಮನೆಮಂದಿ. ಅವರ ತಾತ ಕ್ರಿಸ್ತನನ್ನು ನಂಬಿದ್ದರು, ಜಾತಿಯನ್ನು ಬಿಟ್ಟಿರಲಿಲ್ಲ. ಪ್ರಾರ್ಥನಾಮಂದಿರದ ಹೆಂಚು, ಬೆಂಚು ಎರಡೂ ಅವರ ಕೊಡುಗೆ. ವಾಮದೇವಪ್ಪ ಸುಮ್ಮನೆ ಕಣ್ಣು ಹಾಯಿಸಿದರು. ಮಾಳಿಂಗಪ್ಪನಿಗೆ ಅಷ್ಟು ಸಾಕಾಯಿತು.

ಎಬ್ಬಿಸಿದ್ದಕ್ಕೊಂದು ಶಾಸ್ತ್ರವೂ ಬೇಕಲ್ಲ! ಬೆಂಗಳೂರಿನಲ್ಲಿ ಹೀಬ್ರೂ ಕಲಿತು ಬಂದವನು, ಬೈಬಲಿನ ಯಾಜಕಕಾಂಡ ತೆರೆದು, "ನಿಮ್ಮ ನಡುವಿನ ‘ಗೇರ್’ನನ್ನು ಪ್ರೀತಿಸಿರಿ ಎಂದಿದೆ. ಗೇರ್ ಅಂದರೆ ಅತಿಥಿ. ಅತಿಥಿಯಾದವನು ಮನೆಯವರು ತೋರಿಸಿದ ಕಡೆ ಕೂರಬೇಕು" ಎಂದ. ಎಲ್ಲರೂ ತಲೆದೂಗಿದರು. ಚಾಪೆಯ ಮೇಲಿದ್ದ ಅಂಜಿನವ್ವನೂ ತಲೆದೂಗಿದಳು.

ಅವಳು ತಲೆದೂಗಿದ್ದೇ ವಾರವೆಲ್ಲ ಅವನನ್ನು ಕಾಡಿತು. ಅವನಿಗೆ ತಿಳಿಯದ ಪದವೇ ಅದು? ಸ್ವಂತ ನೆಲವಿಲ್ಲದೆ, ಬಂಧುಬಳಗವಿಲ್ಲದೆ, ಪರರ ಊರಲ್ಲಿ ದುಡಿದು ಅಲ್ಲೇ ಬದುಕುವವನು ಗೇರ್. ‘ಎಜ್ರಾಹ್’ ಎಂದರೆ ಆ ಮಣ್ಣಲ್ಲೇ ಹುಟ್ಟಿ ಬೇರೂರಿದವನು. ಇಬ್ಬರನ್ನೂ ಒಂದೇ ಸಮ ಕಾಣಿರಿ, ಐಗುಪ್ತದಲ್ಲಿ ನೀವೂ ಗೇರ್‌ಗಳಾಗಿದ್ದಿರಿ ಎಂದೇ ಆ ವಾಕ್ಯ ಹೇಳುವುದು. ಆ ಮಾತು ಕೇಳಿಸಿಕೊಂಡ ಜನ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿ ಇಟ್ಟಿಗೆ ಮಾಡುತ್ತಿದ್ದರು. ಮಾಳಿಂಗಪ್ಪನ ತಾಯಿ ಗಿರಿಯಮ್ಮ ಹೊಳೆದಂಡೆಯ ಭಟ್ಟಿಯಲ್ಲಿ ಇಟ್ಟಿಗೆಯ ಮಣ್ಣು ತುಳಿದವಳು. ಬಾಯಾರಿ ಬಂದರೆ ಅವಳ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಮಗ ಅದನ್ನು ನೋಡಿ ಬೆಳೆದಿದ್ದ. ಈಗ ಸುರಿಯುವ ಕೈ ತನ್ನದೇ ಆಗಿತ್ತು.

ಮುಂದಿನ ಭಾನುವಾರ ಪೀಠದ ಮುಂದೆ ನಿಂತವನಿಗೆ ತಲೆ ಎತ್ತಲಾಗಲಿಲ್ಲ. "ಹೋದ ವಾರ ನಾನು ಹೇಳಿದ್ದು ಸುಳ್ಳು" ಎಂದು ಎರಡೂ ಪದಗಳ ಅರ್ಥ ಬಿಡಿಸಿಟ್ಟ.

ವಾಮದೇವಪ್ಪ ನಕ್ಕರು. "ಪಾದ್ರಿಗಳೇ, ಆ ಹೀಬ್ರೂ ಅವರ ಊರಾಗ ಇರ್ಲಿ ಬಿಡ್ರಿ. ಇದು ಹರಿಹರ ಐತಿ."

ಮಾಳಿಂಗಪ್ಪ ಆ ಕಡೆ ನೋಡದೆ ಬಾಗಿಲತ್ತ ಕೈಚಾಚಿದ. "ಅಂಜಿನವ್ವ, ಏಳು. ಬಂದು ಬೆಂಚಿನ ಮ್ಯಾಲೆ ಕೂಡು."

ಅವಳು ಕದಲಲಿಲ್ಲ.

"ಹೋದ ವಾರ ಏಳು ಅಂದ್ರಿ, ಎದ್ದೆ. ಅತಿಥಿ ಅಂದ್ರಿ, ಹೌದಂದೆ. ಈಗ ಮತ್ತ ಏಳು ಅಂತೀರಿ. ಅಲ್ಲಿಂದ ಇಲ್ಲಿಗೆ ಎತ್ತಿಡಾಕ ನಾನೇನು ಬೆಂಚಾ? ಒಲ್ಲೆ ಹೋಗ್ರಿ. ನಾ ಏಳಾಂಗಿಲ್ಲ."