ಅರ್ಧ ಪ್ರಾರ್ಥನೆ

"ನೋಡೋಣ" ಅಂದುಬಿಟ್ಟಿದ್ದ.

ಗಾಲಿಮಂಚ ಆಪರೇಷನ್ ಕೋಣೆಯ ಬಾಗಿಲು ದಾಟುವಾಗ ಹೆಂಡತಿ ಅವನ ತೋಳು ಹಿಡಿದು ಕೇಳಿದ್ದು ಒಂದೇ ಮಾತು. "ನಂಗೆ ಎಚ್ಚರ ಇರಲ್ಲ. ನನ್ನ ಬದಲು ನೀವು ಮರಿಯಮ್ಮನ ಪ್ರಾರ್ಥನೆ ಹೇಳ್ತೀರಾ?" ಹೊಟ್ಟೆಯಲ್ಲಿ ದಿನ ತುಂಬಿದ ಮಗು, ರಕ್ತ ಬೆಳಗಿನಿಂದ ನಿಂತಿರಲಿಲ್ಲ. ಅಂಥವಳಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮಹಾನುಭಾವ "ನೋಡೋಣ" ಅಂದ. ಬಾಗಿಲು ಮುಚ್ಚಿತು.

ಅವನು ಪ್ರಾಟೆಸ್ಟಂಟರ ಕಾಲೇಜಿನಲ್ಲಿ ದೇವಶಾಸ್ತ್ರದ ಮೇಷ್ಟ್ರು. ಮರಿಯಳ ಮೇಲೆ ಅರವತ್ತನಾಲ್ಕು ಪುಟದ ಪುಸ್ತಕ ಬರೆದಿದ್ದ. ಯೇಸುವಿನ ತಾಯಿ ಧನ್ಯಳು, ಸರಿ. ಆದರೆ ಅವಳಲ್ಲಿ ಬೇಡಿಕೊಳ್ಳುವುದು ತಪ್ಪು. ದೇವರ ಹತ್ತಿರ ಹೋಗಲು ಯೇಸು ಒಬ್ಬನೇ ಸಾಕು, ಇನ್ನೊಬ್ಬರ ಶಿಫಾರಸು ಬೇಡ. ಹೆಂಡತಿ ಕ್ಯಾಥೊಲಿಕರ ಮನೆಯವಳು. ಮದುವೆಯಾದ ಮೇಲೆ ಇವನ ಚರ್ಚಿಗೇ ಬರುತ್ತಿದ್ದಳು. ಆ ಪುಸ್ತಕದ ಕರಡು ತಿದ್ದಿದವಳೂ ಅವಳೇ. ಅವಳು ಎಲ್ಲ ಒಪ್ಪಿದ್ದಾಳೆಂದು ತಿಳಿದಿದ್ದ. ಕೇಳಿರಲಿಲ್ಲ, ಅಷ್ಟೆ.

ಬಾಗಿಲ ಹೊರಗಿನ ಬೆಂಚಿನ ಆ ತುದಿಯಲ್ಲಿ ಅತ್ತೆ ಜಪಸರ ಹಿಡಿದು ಕೂತಿದ್ದರು. ಮಣಿಗೊಂದು ಪ್ರಾರ್ಥನೆ, ಹತ್ತು ಮಣಿಯಾದ ಮೇಲೊಂದು ದೊಡ್ಡ ಮಣಿ, ಮತ್ತೆ ಹತ್ತು. ಈ ತುದಿಯಲ್ಲಿ ಅಪ್ಪ, ನಿವೃತ್ತ ಪಾಸ್ಟರ್, ಅತ್ತ ನೋಡಬಾರದೆಂದೇ ಕಣ್ಣು ಮುಚ್ಚಿದ್ದರು. ನಡುವೆ ಇವನು, ಅಡಕತ್ತರಿಗೆ ಸಿಕ್ಕ ಅಡಕೆ.

"ನಿಮ್ಮ ಪುಸ್ತಕ ಓದ್ದೆ ಅಳಿಯಂದಿರೇ," ಅಂದರು ಅತ್ತೆ.

"ಯಾವಾಗ?"

"ಹೋದ ವಾರ. ಮರಿಯಮ್ಮನ್ನ ಎಲ್ಲಾ ಕಡೆ ಅವಳು, ಇವಳು ಅಂತ ಬರ್ದಿದ್ದೀರಿ. ನಿಮ್ಮ ಪ್ರಿನ್ಸಿಪಾಲರನ್ನ ಹಾಗಂತೀರಾ?"

"ಅದು ಬರವಣಿಗೆಯ ಪದ್ಧತಿ, ಅತ್ತೆ."

ಅಪ್ಪ ಕೆಮ್ಮಿದರು. ಚಹಾ ತರುತ್ತೇನೆಂದು ಎದ್ದು ಮೆಟ್ಟಿಲಿಳಿದು ಹೋದರು. ವಾದದಲ್ಲಿ ಎಂದೂ ಸೋಲದ ಮನುಷ್ಯ ಹೀಗೆ ಎದ್ದು ಹೋಗುವುದೆಂದರೆ? ಅಪ್ಪನಿಗೂ ಹೆದರಿಕೆಯೇ?

ನರ್ಸ್ ಓಡಿ ಬಂದಳು. "ರಕ್ತ ಸಾಲ್ತಿಲ್ಲ. ಬಿ ನೆಗೆಟಿವ್ ಯಾರದಿದೆ?"

"ನಂದಿದೆ," ಅತ್ತೆ ಆಗಲೇ ನಿಂತಿದ್ದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು ಜಪಸರವನ್ನು ಅವನ ಕೈಗಿಟ್ಟರು. "ಏಳನೇ ಮಣಿ ಮೇಲಿದ್ದೀನಿ. ನೀವೇನೂ ಹೇಳ್ಬೇಡಿ, ನಿಮ್ಮ ನೇಮ ಕೆಡೋದು ಬೇಡ. ಬೆರಳು ಮಾತ್ರ ತೆಗೀಬೇಡಿ. ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದು ತಪ್ಪಿಹೋಗುತ್ತೆ."

ಹೆಬ್ಬೆರಳು, ತೋರುಬೆರಳಿನ ನಡುವೆ ಕಡಲೆಯಷ್ಟು ದಪ್ಪದ ಮರದ ಮಣಿ. ಮೆಟ್ಟಿಲ ಮೇಲೆ ಅಪ್ಪನ ಚಪ್ಪಲಿ ಸದ್ದಾಯಿತು. ಕೈಯನ್ನು ಹಾಗೇ ಪ್ಯಾಂಟಿನ ಜೇಬಿಗಿಳಿಸಿದ.

"ಕೈ ಕೊಡೋ. ಪ್ರಾರ್ಥನೆ ಮಾಡೋಣ," ಅಪ್ಪ ಚಹಾದ ಲೋಟ ಪಕ್ಕಕ್ಕಿಟ್ಟರು.

"ಕೈ ಜೋಮು ಹಿಡಿದಿದೆ ಅಪ್ಪ."

"ಜೇಬಲ್ಲೇನಿದೆ?"

"ಏನಿಲ್ಲ. ಕರ್ಚೀಫು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

ಅಪ್ಪ ಒಬ್ಬರೇ ಶುರು ಮಾಡಿದರು. ಅವರ ಪ್ರಾರ್ಥನೆ ಮೊದಲಿಂದಲೂ ಉದ್ದ. ಇಂದು ನಡುನಡುವೆ ದನಿ ಒಡೆಯುತ್ತಿತ್ತು. ಇವನು ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತ ಲೆಕ್ಕ ಹಾಕಿದ. ಹೇಳಿ ಅವಳು ಉಳಿದರೆ, ಇಷ್ಟು ವರ್ಷದ ಪಾಠ ನೀರಲ್ಲಿ ಹೋಮ. ಹೇಳದೆ ಉಳಿದರೆ, ಕಣ್ಣು ಬಿಟ್ಟವಳೇ "ಹೇಳಿದ್ರಾ?" ಎನ್ನುತ್ತಾಳೆ. ಹೇಳಿಯೂ ಹೋದರೆ, ಎರಡು ಕಡೆಯೂ ಯಾರೂ ಕೇಳಿಸಿಕೊಳ್ಳಲಿಲ್ಲವೆಂದಾಯಿತು. ಹೇಳದೆ ಹೋದರೆ... ದೇವರೇ, ಅವಳು ಹೋಗಬಾರದು.

ಆಗ ಹೊಳೆಯಿತು. ಆ ಪ್ರಾರ್ಥನೆಯ ಮೊದಲರ್ಧ ಬೈಬಲಿನದೇ ಅಲ್ಲವೆ? ದೇವದೂತ ಮರಿಯಳಿಗೆ ಮಾಡಿದ ನಮಸ್ಕಾರ. ತನ್ನ ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾನೆ. ನಮಗಾಗಿ ಬೇಡಿಕೋ ಎನ್ನುವ ಎರಡನೇ ಅರ್ಧ ಮಾತ್ರ ಆಮೇಲೆ ಸೇರಿಸಿದ್ದು. ಮೊದಲರ್ಧ ಹೇಳಿದರೆ ಹೆಂಡತಿಗೆ ಕೊಡದ ಮಾತೂ ನಡೆಸಿದಂತಾಯಿತು, ಪುಸ್ತಕವೂ ಉಳಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಂಥ ಮೇಷ್ಟ್ರು ಬುದ್ಧಿ!

ತುಟಿ ಅಲ್ಲಾಡಿಸದೆ ಹೇಳಿದ. ನಮೋ ಮರಿಯೆ. ಅರ್ಧಕ್ಕೆ ನಿಲ್ಲಿಸಿದ. ಇನ್ನೊಮ್ಮೆ. ಹೀಗೇ ಎಷ್ಟೋ ಸಲ. ಎರಡನೇ ಅರ್ಧ ನಾಲಿಗೆಯ ತುದಿಗೆ ಬರುತ್ತಿತ್ತು, ನುಂಗುತ್ತಿದ್ದ. ಅದರಲ್ಲಿ 'ಸಾಯುವ ಗಳಿಗೆಯಲ್ಲೂ' ಎಂಬ ಮಾತಿತ್ತು. ಈ ಬಾಗಿಲ ಮುಂದೆ ಆ ಮಾತೆತ್ತಿದರೆ ಅದು ಒಳಗೆ ಹೋಗಿ ಅವಳ ಪಕ್ಕ ನಿಂತುಬಿಡುತ್ತದೆ ಎನ್ನಿಸಿತ್ತು. ದೇವಶಾಸ್ತ್ರವೂ ಇಲ್ಲ, ಮಣ್ಣೂ ಇಲ್ಲ. ಬರೀ ಹೆದರಿಕೆ.

"ಆಮೆನ್," ಅಪ್ಪ ಕಣ್ಣೊರೆಸಿಕೊಂಡರು.

ಆಗಲೇ ಅವನಿಗೆ ಗೊತ್ತಾದದ್ದು: ಬೆರಳು ಮಣಿಯಿಂದ ಮಣಿಗೆ ಸರಿದುಹೋಗಿತ್ತು. ಅರ್ಧಕ್ಕೊಂದು ಮಣಿ. ದೊಡ್ಡ ಮಣಿ ಒಂದು ದಾಟಿತೋ, ಎರಡೋ? ಜೇಬಿನೊಳಗೆ ಹಿಂದೆ ತಡಕಿದ, ಮುಂದೆ ತಡಕಿದ. ದೊಡ್ಡ ಮಣಿ ಸಿಕ್ಕರೂ ಅದು ಯಾವ ಹತ್ತರದೋ ತಿಳಿಯದು, ಉಳಿದವೆಲ್ಲ ಒಂದೇ ದಪ್ಪ, ಒಂದೇ ನುಣುಪು. ಅಯ್ಯೋ, ಮಾಡಬೇಡಿ ಎಂದದ್ದನ್ನೇ ಮಾಡಿದ್ದ.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಮೊಣಕೈಯೊಳಗೆ ಹತ್ತಿ ಅಂಟಿಸಿತ್ತು. ಕೈ ಚಾಚಿದರು. ಅಪ್ಪನ ಕಣ್ಣೆದುರೇ ಜಪಸರ ಜೇಬಿನಿಂದ ಹೊರಗೆ ಬಂತು. ಅಪ್ಪ ಮುಖ ಆಚೆ ತಿರುಗಿಸಿದರು.

"ಬೆರಳು ತೆಗೀಲಿಲ್ಲ ತಾನೆ?"

"ಇಲ್ಲ ಅತ್ತೆ."

"ಇದೇನಾ ಏಳನೇದು?"

"ಹೂಂ. ಅದೇ."

ನಂಬಿದರು. ಕಣ್ಣು ಮುಚ್ಚಿ, ಅವನು ತೋರಿಸಿದ ಯಾವುದೋ ಒಂದು ಮಣಿಯಿಂದ ಮುಂದುವರಿಸಿದರು. ಅವರ ತುಟಿ ಅಲ್ಲಾಡಿದಷ್ಟೂ ಲೆಕ್ಕ ಇನ್ನಷ್ಟು ತಪ್ಪುತ್ತಿತ್ತು. ತಡೆದು ಹೇಳಬೇಕು, ತಪ್ಪಾಯಿತು ಅನ್ನಬೇಕು. ಅದರ ಬದಲು ಆರಿದ ಚಹಾ ಎತ್ತಿ ಕುಡಿದ.

ಬಾಗಿಲು ತೆರೆಯಿತು. ನರ್ಸ್ ಬಟ್ಟೆಯಲ್ಲಿ ಸುತ್ತಿದ್ದನ್ನು ತಂದು ಅವನ ತೋಳಿಗಿಟ್ಟಳು. "ಹೆಣ್ಣು ಮಗು. ಚೆನ್ನಾಗಿದೆ."

"ತಾಯಿ?"

"ಡಾಕ್ಟರ್ ಬಂದು ಹೇಳ್ತಾರೆ."

"ಹೇಗಿದ್ದಾಳೆ ಹೇಳಮ್ಮಾ."

"ಡಾಕ್ಟರ್ ಹೇಳ್ತಾರೆ ಸರ್." ಅವಳು ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಬಾಗಿಲು ಮತ್ತೆ ಮುಚ್ಚಿತು.

"ದೇವರಿಗೆ ಸ್ತೋತ್ರ," ಅಪ್ಪನ ದನಿ ನಡುಗಿತು. "ಮಗು ಬಂತಲ್ಲ. ಮಗು ಬಂತಲ್ಲೋ."

ಅತ್ತೆ ಮೊಮ್ಮಗಳ ಮುಖ ನೋಡಲಿಲ್ಲ. ಮುಚ್ಚಿದ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದರು. ಅವನು ಬಾಯಿ ತೆರೆದ. ಎರಡನೇ ಅರ್ಧ ಈಗ ಹೇಳಿಬಿಡಬೇಕು, ಏನಾದರಾಗಲಿ, ಗಟ್ಟಿಯಾಗಿ. ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು, ಗೆರೆ ಎಳೆದು ತಪ್ಪು ತೋರಿಸಿದ್ದ ವಾಕ್ಯ. ಒಂದು ಪದವೂ ನೆನಪಿಗೆ ಬರಲಿಲ್ಲ.

ತೋಳಿನಲ್ಲಿ ಮಗು ಮಿಸುಕಿತು. ಕಣ್ಣು ಇನ್ನೂ ಬಿಟ್ಟಿರಲಿಲ್ಲ. ಬಾಯಿ ಮಾತ್ರ ಅತ್ತಿತ್ತ ತಿರುಗಿ ಅವನ ಎದೆಯ ಮೇಲೆ ಏನನ್ನೋ ಹುಡುಕಿತು. ಅಂಗಿಯ ಗುಂಡಿ ಸಿಕ್ಕಿತು. ಅದನ್ನೇ ಕಚ್ಚಿಕೊಂಡು, ಸಮಾಧಾನವಾಗಿ, ಚೀಪತೊಡಗಿತು.