ಬಂಡೆಮ್ಮನ ಡಬ್ಬಿ

ದಿನಕರ್ಮಕ್ಕೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೆ ಕೊಪ್ಪಳದ ಕಡೆ ಹೊರಟುಹೋಗಿದ್ದರು. ಶುಕ್ರವಾರ ಬೆಳಿಗ್ಗೆ ಗಂಗಾ ಎದ್ದಾಗ ಮನೆಯಲ್ಲಿ ಅಳುವವರು ಯಾರೂ ಇರಲಿಲ್ಲ. ಗೇಟಿಗೆ ತೂಗುಹಾಕಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು ಬಂದು ಬಿದ್ದಿತ್ತು. ಬೀದಿಯ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಪಕ್ಕದ ಮನೆಯ ಕುಕ್ಕರು ಕೂಗುತ್ತಿತ್ತು. ಗಂಡ ಆನಂದಕುಮಾರ ಇಲ್ಲದಿದ್ದರೂ ಬಾಲಾನಗರದಲ್ಲಿ ಬೆಳಗಾಗುತ್ತದೆ ಎಂಬುದು ಅವಳಿಗೆ ಅಂದು ತಿಳಿಯಿತು.

ಕೊಡ ಎತ್ತಿಕೊಂಡು ಬಾಗಿಲಿಗೆ ಬಂದಳು. ಅತ್ತೆ ಸುವರ್ಣಾ ಅವಳ ಕೈಯಿಂದ ಮೆಲ್ಲಗೆ ಕೊಡ ತೆಗೆದುಕೊಂಡರು.

“ನೀ ಒಳಗ ಇರವಾ. ಮಂದಿ ಡ್ಯೂಟಿಗೆ ಹೋಗೋ ಹೊತ್ತು.”

ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಕೆಲಸಕ್ಕೆ ಹೊರಟವರಿಗೆ ಗಂಡನನ್ನು ಕಳೆದುಕೊಂಡವಳು ಎದುರಾಗಬಾರದು. ವರ್ಷ ತುಂಬುವವರೆಗೆ ಹೊಸ್ತಿಲು ದಾಟಬಾರದು. ಅದು ಆ ಮನೆತನದ ರೀತಿ. ಆನಂದ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಸುವರ್ಣಾ ತಾವೂ ಹಾಗೆಯೇ ಕೊಪ್ಪಳದ ಮನೆಯ ಒಳಕೋಣೆಯಲ್ಲಿ ಒಂದು ವರ್ಷ ಕೂತಿದ್ದವರು. ಈಗ ಮೊಣಕಾಲು ನೋಯುತ್ತಿದ್ದರೂ ನೀರು, ಹಾಲು, ಕಾಯಿಪಲ್ಲೆ ಎಲ್ಲಕ್ಕೂ ಅವರೇ ಓಡಾಡುತ್ತಿದ್ದರು. ಯಾರಾದರೂ ಏನಾದರೂ ಆಡಿದರೆ ಮೊದಲು ತಮ್ಮ ಕಿವಿಗೆ ಬೀಳಲಿ, ಸೊಸೆಯ ಕಿವಿಗೆ ಬೇಡ ಎಂಬುದು ಅವರ ಲೆಕ್ಕ. ಅದು ಪ್ರೀತಿಯೇ ಎಂದು ಗಂಗಾಳಿಗೆ ಗೊತ್ತಿತ್ತು. ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಿದವಳು, ಬೇರೆ ಕಾಲದಲ್ಲಾಗಿದ್ದರೆ ವಾದ ಮಾಡುತ್ತಿದ್ದಳೇನೋ. ಈಗ ಜೋಮು ಹಿಡಿದ ಕಾಲಿನ ಹಾಗೆ ಮನಸ್ಸು ತನ್ನದೇ ಅನಿಸುತ್ತಿರಲಿಲ್ಲ. ಒಳಗೆ ಹೋಗಿ ಕೂತಳು.

ನೆಲ ಒರೆಸುವ ಬಟ್ಟೆ ಹುಡುಕುತ್ತ ಹಿತ್ತಿಲಿಗೆ ಹೋದಾಗ ನೀರಿನ ತೊಟ್ಟಿಯ ಹಿಂದೆ ಒಂದು ಡಬ್ಬಿ ಕಂಡಿತು. ಹಾಲಿನ ಪುಡಿಯ ಹಳೆಯ ಡಬ್ಬಿ. ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ತಂತಿಯ ಹಿಡಿಕೆ ಕಟ್ಟಿದ್ದರು. ಮನೆ ಕಟ್ಟುವವರು ಇಂಥದ್ದರಲ್ಲಿ ಸುಣ್ಣದ ಪುಡಿ ತುಂಬಿ, ದಾರದ ಗುಂಟ ತಟ್ಟುತ್ತ ನಡೆದು, ಪಾಯ ತೋಡಬೇಕಾದಲ್ಲಿ ಬಿಳಿ ಗೆರೆ ಎಳೆಯುತ್ತಾರೆ. ಇದು ಬಂಡೆಮ್ಮನದು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಈಗ ರೈಲ್ವೆ ಗೇಟಿನ ಆಚೆ ಹೊಸ ಕಟ್ಟಡದ ಬಳಿ ರೊಟ್ಟಿ ಬಂಡಿ ಇಟ್ಟುಕೊಂಡಿದ್ದ ಹೆಂಗಸು. ಆನಂದ ಅದನ್ನು ಕೇಳಿ ಇಸಿದುಕೊಂಡು ಬಂದಿದ್ದ. ಮರುದಿನ ಕೆಲಸ ಮುಗಿಸಿ ಬರುವಾಗ ಕೂಡುರಸ್ತೆಯಲ್ಲಿ ಲಾರಿ.

ಡಬ್ಬಿ ಬೇಕಾಗಿದ್ದು ಭಾನುವಾರದ ಬಳಗಕ್ಕೆ. ಕೊಂಡಾಪುರದಿಂದ, ಮೆಹದಿಪಟ್ಟಣಂನಿಂದ, ಎಲ್ಲೆಲ್ಲಿಂದಲೋ, ಈ ತೆಲುಗು ಊರಿಗೆ ಬಂದು ನೆಲೆಸಿದ ಕನ್ನಡದವರು ವಾರಕ್ಕೊಮ್ಮೆ ಒಂದು ಕಡೆ ಸೇರಿ ಓಡುತ್ತಿದ್ದರು, ಓಡಲಾಗದವರು ನಡೆಯುತ್ತಿದ್ದರು. ದಾರಿ ಮೊದಲೇ ಯಾರಿಗೂ ತಿಳಿಸುವಂತಿಲ್ಲ. ಆ ವಾರದ ಸರದಿಯವರು ಮುಂಚೆ ಹೋಗಿ ನೆಲದ ಮೇಲೆ ಪುಡಿಯಿಂದ ಬಾಣದ ಗುರುತು ಹಾಕಬೇಕು. ಅವರನ್ನು ‘ಮೊಲ’ ಎನ್ನುತ್ತಿದ್ದರು. ಉಳಿದವರು ಗುರುತು ಹುಡುಕುತ್ತ ಹಿಂದೆ ಬಂದು, ದಾರಿ ಮುಗಿದಲ್ಲಿ ಒಟ್ಟಿಗೆ ತಿಂಡಿ ತಿನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಆ ಬಳಗದಲ್ಲಿದ್ದರು. ಬರುವ ಭಾನುವಾರದ ಮೊಲ ಆನಂದನೇ. ಆ ದಿನ ಎಲ್ಲರನ್ನೂ ನಿನ್ನ ಬಂಡಿಗೇ ಕರೆತರುತ್ತೇನೆ, ರೊಟ್ಟಿ ಮಾಡಿಟ್ಟಿರು ಎಂದು ಅವನು ಬಂಡೆಮ್ಮನಿಗೆ ಮಾತು ಕೊಟ್ಟಿದ್ದ.

ಕಳೆದ ಭಾನುವಾರ ಬಳಗದವರು ಬಾಲಾನಗರದಲ್ಲೇ ಓಡಿ, ಬೆವರಿದ ಬಟ್ಟೆಯಲ್ಲೇ ಮಾತಾಡಿಸಲು ಬಂದಿದ್ದರು. ಹಿರಿಯರಾದ ತಿಪ್ಪೇಸ್ವಾಮಿಯವರು ಕಣ್ಣೊರೆಸಿಕೊಂಡು, ಗಂಗಾಳನ್ನು ಸದ್ಯ ಯಾರೂ ಕರೆಯುವುದಿಲ್ಲ, ಅವಳು ಸುಧಾರಿಸಿಕೊಳ್ಳಲಿ, ಮುಂದಿನ ವಾರದ ಸರದಿಯನ್ನು ಪ್ರಫುಲ್ಲಾಗೆ ಕೊಟ್ಟಿದ್ದೇವೆ, ಮೆಹದಿಪಟ್ಟಣಂ ಕಡೆ ಹೋಗುತ್ತೇವೆ ಎಂದಿದ್ದರು. ಗಂಗಾ ತಲೆಯಾಡಿಸಿದ್ದಳು.

ಡಬ್ಬಿ ಹಿಡಿದು ನಿಂತಾಗ ಅವಳಿಗೆ ಹೊಳೆಯಿತು. ಬಂಡೆಮ್ಮನಿಗೆ ಸುದ್ದಿ ಗೊತ್ತಿಲ್ಲ. ಭಾನುವಾರ ಅವಳು ಹಿಟ್ಟು ನಾದಿಕೊಂಡು ಕಾಯುತ್ತಾಳೆ. ಯಾರೂ ಬರುವುದಿಲ್ಲ.

ಸಂಗತಿ ಕೇಳಿ ಸುವರ್ಣಾ ಸೆರಗು ಸಿಕ್ಕಿಸಿದರು. “ಅಂವ ಇಸ್ಕೊಂಡಿದ್ದು ಮನ್ಯಾಗ ಇರಬಾರದು. ಕೊಡು, ನಾ ಹೋಗಿ ಕೊಟ್ಟು ಬರ್ತೀನಿ.”

ಗಂಗಾ ದಾರಿ ಹೇಳಿದಳು. ಸುವರ್ಣಾಗೆ ತೆಲುಗು ಬರದು, ಹಿಂದಿ ಅಷ್ಟಕ್ಕಷ್ಟೇ. ಆದರೂ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಬಿಸಿಲು ಏರಿದ ಮೇಲೆ, ಮುಖ ಕೆಂಪಗೆ ಮಾಡಿಕೊಂಡು ಮರಳಿದರು. ಚೀಲದಲ್ಲಿ ಡಬ್ಬಿ ಹಾಗೆಯೇ ಇತ್ತು.

ನೀರು ಕುಡಿದ ಮೇಲೆ ನಡೆದದ್ದು ಹೊರಬಂತು. ರೈಲ್ವೆ ಗೇಟಿನ ಹತ್ತಿರ ದಾರಿ ತಪ್ಪಿದಂತಾಗಿ ನಿಂತಾಗ ನೆಲದ ಮೇಲೆ ಮಾಸಿದ ಬಿಳಿ ಬಾಣವೊಂದು ಕಂಡಿತಂತೆ. ಹಿಂದೊಮ್ಮೆ ಮಗ ಅಂಗಳದಲ್ಲಿ ಬಾಣ ಬರೆದು, ಇದನ್ನು ನೋಡಿಕೊಂಡು ಬಂದರೆ ದಾರಿ ತಪ್ಪುವುದೇ ಇಲ್ಲ ಎಂದು ತೋರಿಸಿದ್ದ. ಅದನ್ನೇ ನಂಬಿ ನಡೆದರು. ಬಾಣದ ಹಿಂದೆ ಬಾಣ, ಎರಡು ಕಾರ್ಖಾನೆಗಳ ನಡುವಿನ ಸಂದಿಯವರೆಗೂ.

“ಆಮೇಲೆ?” ಎಂದಳು ಗಂಗಾ.

“ಆಮೇಲೇನು, ಗ್ವಾಡಿ. ಗ್ವಾಡಿ ಬುಡಕ್ಕ ಒಂದು ಕತ್ತರಿ ಗುರುತು, ಅಡ್ಡಡ್ಡ ಎರಡು ಗೆರಿ. ಅಲ್ಲಿ ಒಂದು ನಾಯಿ ಮಲಗಿತ್ತು. ಅದೂ ನನ್ನ ನೋಡಿ, ನೀ ಯಾಕ ಬಂದಿ ಅನ್ನೋಹಂಗ ಮಾರಿ ಮಾಡ್ತು.”

ಗಂಗಾಳಿಗೆ ನಗು ಬಂತು. ಎಲ್ಲಿತ್ತೋ ಏನೋ, ತಡೆಯುವ ಮೊದಲೇ ಬಂದುಬಿಟ್ಟಿತು. ಅತ್ತೆಯ ಮುಖ ನೋಡಿ ಹೆದರಿದಳು. ಆದರೆ ಸುವರ್ಣಾ ಸಿಟ್ಟಾಗಿರಲಿಲ್ಲ.

“ನಗು, ನಗು. ಬಾಣ ಬರದು ಗ್ವಾಡಿಗೆ ಮುಟ್ಟಸ್ತಾರೇನು? ಇದೆಂಥ ಆಟ?”

“ಅದು ಸುಳ್ಳು ದಾರಿ ಅತ್ತಿ. ಬೇಕಂತನ ಹಾಕ್ತಾರ. ಕತ್ತರಿ ಕಂಡ್ರ ವಾಪಸ್ ಬಂದು ಬ್ಯಾರೆ ಬಾಣ ಹುಡಕಬೇಕು.”

“ಯಾಕ? ಯಾರ ಕಾಲು ಪುಕ್ಕಟೆ ಐತಿ?”

“ಜೋರು ಓಡೋರು ಮುಂದ ಹೋಗಿಬಿಡ್ತಾರಲ್ರಿ. ಅವರು ಸುಳ್ಳು ದಾರಿಗೆ ಹೋಗಿ ತಿರುಗಿ ಬರೋದರಾಗ, ಹಿಂದ ನಡಕೊಂಡು ಬರೋರು ಕೂಡಿಕೋತಾರ. ಯಾರೂ ಒಬ್ಬರ ಉಳಿಯಂಗಿಲ್ಲ.”

ಸುವರ್ಣಾ ಮೊಣಕಾಲು ಒತ್ತಿಕೊಂಡರು. ಆ ಬಾಣ ನನ್ನ ಮಗನ ಕೈದೇ ಎಂದು ತಿಳಿದಿದ್ದೆ ಎಂದರು. ಕಳೆದ ವಾರ ತಿಪ್ಪೇಸ್ವಾಮಿಯವರು ಹಾಕಿದ್ದು ಎಂದು ಗಂಗಾ ಹೇಳಲಿಲ್ಲ.

“ನಾನೂ ಹೇಳಿದವರ ಮಾತು ಕೇಳಿ ಒಂದು ವರ್ಷ ಕುಂತೆನವಾ,” ಎಂದರು ಸುವರ್ಣಾ. “ವರ್ಷ ತುಂಬಿದ ಮ್ಯಾಲ ಎಲ್ಲಾ ಸರಿ ಹೋಗತೈತಿ ಅಂದಿದ್ರು. ಎದ್ದು ಹೊರಗ ಬರೋ ಹೊತ್ತಿಗೆ ಮಂದಿ ನನ್ನ ಕರಿಯೋದನ್ನ ಮರ್ತಿದ್ರು. ಒಬ್ಬರೂ ತಿರುಗಿ ಬರಲಿಲ್ಲ.”

ಗಂಗಾ ಅವರ ಮೊಣಕಾಲಿಗೆ ಎಣ್ಣೆ ಹಚ್ಚಿದಳು.

ಶನಿವಾರ ಮಧ್ಯಾಹ್ನ ಸುವರ್ಣಾ ಮೇಲಿನ ಅಟ್ಟದಿಂದ ರಂಗೋಲಿ ಪುಡಿಯ ಚೀಲ ಇಳಿಸಿ ಗಂಗಾಳ ಮುಂದಿಟ್ಟರು. ಸಾವಾದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

“ಬಾಗಿಲಿಗೆ ಹಾಕಂಗಿಲ್ಲ. ಹಾದಿಗೆ ಹಾಕು.”

ಗಂಗಾ ಅತ್ತೆಯ ಮುಖ ನೋಡಿದಳು.

“ಹೊಲಸು ಆಡೋರು ಆಡ್ಲಿ. ಅಂವ ಒಬ್ಬಾಕಿಗೆ ರೊಟ್ಟಿ ಮಾಡಿಡು ಅಂದು ಹೋಗ್ಯಾನ. ಆಕಿ ಹಾದಿ ಕಾಯೂದು ನನಗ ಹಿಡಸಂಗಿಲ್ಲ.”

ಗಂಗಾ ತಿಪ್ಪೇಸ್ವಾಮಿಯವರಿಗೆ ಫೋನು ಮಾಡಿದಳು. ನಾಳೆಯ ಮೊಲ ನಾನು, ಎಲ್ಲರೂ ಬಾಲಾನಗರಕ್ಕೆ ಬರಬೇಕು ಎಂದಳು. ಕಾಲೋನಿಯವರು ಏನಾದರೂ ಅಂದರೆ ಅವಳಿಗೇ ನೋವು, ಇನ್ನೂ ತಿಂಗಳೂ ಆಗಿಲ್ಲ, ಸ್ವಲ್ಪ ದಿನ ಹೋಗಲಿ ಎಂದು ಅವರು ತಡವರಿಸಿದರು.

“ನಿನ್ನ ಸರದಿ ತೆಗೆದಿದ್ದು ನೀನು ಬೇಡ ಅಂತ ಅಲ್ಲಮ್ಮಾ. ನಿನಗೆ ತೊಂದರೆ ಆಗಬಾರದು ಅಂತ.”

“ಗೊತ್ತು ಸರ್. ಎಲ್ಲಾರೂ ಅದನ್ನ ಹೇಳೇ ನನ್ನ ಒಳಗ ಕುಂದರಿಸ್ಯಾರ.”

ಅವರು, “ಎಲ್ಲಿಂದ ಶುರು ಹೇಳು,” ಎಂದರು.

ಭಾನುವಾರ ಬೆಳಕು ಹರಿಯುವಾಗ ಗಂಗಾ ಓಡುವ ಬೂಟು ಹಾಕಿಕೊಂಡು, ಪುಡಿ ತುಂಬಿದ ಡಬ್ಬಿ ಹಿಡಿದು ಗೇಟು ತೆಗೆದಳು. ಎದುರಿಗೆ ಪಕ್ಕದ ಮನೆಯ, ಕನ್ನಡ ಬಲ್ಲ ಸುಮತಿ, ಕೈಯಲ್ಲಿ ಹೂವಿನ ಬುಟ್ಟಿ, ಗುಡಿಗೆ ಹೊರಟವರು. ಗಂಗಾಳನ್ನು ಕಂಡು ಅವರ ಹೆಜ್ಜೆ ನಿಂತಿತು. ಕಣ್ಣು ಅವಳ ಬಳೆಯಿಲ್ಲದ ಕೈ ಮೇಲೆ ಹೋಗಿ, ನೆಲಕ್ಕೆ ಇಳಿಯಿತು. ಗಂಗಾಳ ಕಾಲೂ ಅಲ್ಲೇ ನಿಂತಿತು. ಇನ್ನೊಂದು ಕ್ಷಣವಾಗಿದ್ದರೆ ಒಳಗೆ ಹೋಗಿಬಿಡುತ್ತಿದ್ದಳು.

ಹಿಂದಿನಿಂದ ಸುವರ್ಣಾರ ದನಿ ಬಂತು. “ಸುಮತಿ, ಈಕಿ ನನ್ನ ಸೊಸಿರಿ. ಡ್ಯೂಟಿಗೆ ಹೊಂಟಾಳ. ಸ್ವಲ್ಪ ದಾರಿ ಬಿಡ್ರಿ.”

ಸುಮತಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ಸರಿದರು. ಗಂಗಾ ಹೊರಗೆ ಬಂದು ಡಬ್ಬಿ ತಟ್ಟಿದಳು. ಮೊದಲನೆಯ ಬಾಣ ಅವರ ಮನೆಯ ಗೇಟಿನಿಂದಲೇ ಶುರುವಾಯಿತು.

ಅವಳು ಆನಂದ ಗುಟ್ಟಾಗಿ ತನಗೆ ಹೇಳಿದ್ದ ದಾರಿಯಲ್ಲೇ ಹೋದಳು. ವೆಲ್ಡಿಂಗ್ ಅಂಗಡಿಗಳ ಸಾಲು ದಾಟಿ, ದರ್ಗಾದ ಗೋಡೆ ಬಳಸಿ, ರೈಲ್ವೆ ಗೇಟಿನತ್ತ. ಒಂದು ಮಾತ್ರ ಬದಲಿಸಿದಳು. ಸುವರ್ಣಾ ತಾವೂ ಬರುತ್ತೇನೆಂದು ಹಟ ಹಿಡಿದು, ಆ ಮೊಣಕಾಲಿನಲ್ಲಿ ಪ್ರಫುಲ್ಲಾಳ ಕೈ ಹಿಡಿದು ಎಲ್ಲರ ಹಿಂದೆ ನಡೆದು ಬರುತ್ತಿದ್ದರು. ಅದಕ್ಕೇ ಗಂಗಾ ಗೇಟಿನ ಮುಂಚೆ ಒಂದು ಸುಳ್ಳು ದಾರಿ ಹಾಕಿದಳು. ಉದ್ದನೆಯ, ಚಂದದ ಸುಳ್ಳು ದಾರಿ. ಕೊನೆಯಲ್ಲಿ ದೊಡ್ಡ ಕತ್ತರಿ.

ಬಂಡೆಮ್ಮ ಹೆಂಚು ಕಾಯಿಸಿಟ್ಟಿದ್ದಳು. ಗಂಗಾಳನ್ನು ಕಂಡು ನಕ್ಕು, ಅವಳ ಹಿಂದೆ ರಸ್ತೆ ನೋಡಿದಳು. ಆನಂದನನ್ನು ಹುಡುಕುತ್ತಿದ್ದಳು. ಆಮೇಲೆ ಗಂಗಾಳ ಕೈ ನೋಡಿದಳು.

“ಯಾವಾಗ್ರಿ ಅಕ್ಕಾರ?” ಎಂದಳು ಮೆಲ್ಲಗೆ.

ಗಂಗಾ ಹೇಳಿದಳು. ಮೊದಲ ಸಲ ಅವಳೇ, ತನ್ನ ಬಾಯಿಂದ, ಒಬ್ಬರಿಗೆ ಹೇಳಿದಳು. ಬಂಡೆಮ್ಮ ಅಳಲಿಲ್ಲ. ಒಂದು ಬುಟ್ಟಿ ಮಗುಚಿ ಹಾಕಿ ಅವಳನ್ನು ಕೂರಿಸಿ, ಅವಳ ಬೆನ್ನ ಮೇಲೆ ಹಿಟ್ಟಿನ ಕೈ ಇಟ್ಟಳು. ಗಂಗಾ ಅತ್ತಳು.

ಓಡುವವರೂ ನಡೆಯುವವರೂ ಒಟ್ಟಿಗೇ ಬಂದರು. ಸುಳ್ಳು ದಾರಿಗೆ ಬಿದ್ದು ಬಂದ ಹುಡುಗರ ಉಸಿರು ಇನ್ನೂ ನಿಂತಿರಲಿಲ್ಲ. ತಿಪ್ಪೇಸ್ವಾಮಿಯವರು, ಇಷ್ಟು ವರ್ಷದಲ್ಲಿ ಇಂಥ ಮೋಸದ ಮೊಲವನ್ನು ನೋಡಿಲ್ಲ ಎಂದು ದೂರಿದರು. ನಡುವೆ ಸುವರ್ಣಾ, ಬೆವರೊರೆಸುತ್ತ. “ನಾ ಆ ಕಡೆ ಹೋಗಲೇ ಇಲ್ಲ. ಕತ್ತರಿ ನನಗೇನು ಹೊಸದಾ?” ಎಂದರು.

ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಖಾಲಿಯಾದವು. ಮುಂದಿನ ವಾರ ಎಲ್ಲಿ ಎಂಬ ಜಗಳ ಶುರುವಾಯಿತು. ಗಂಗಾ ಎದ್ದು ಡಬ್ಬಿಯಲ್ಲಿ ಉಳಿದ ಪುಡಿ ಕೊಡವಿ, ಬಂಡಿಯ ಪಕ್ಕದ ಡ್ರಮ್ಮಿನ ನೀರಿನಿಂದ ತೊಳೆದಳು. ನೀರು ತೂತುಗಳಿಂದ ಸಾಲಾಗಿ ಇಳಿಯಿತು. ಸೆರಗಿನಿಂದ ಒರೆಸಿದಳು.

“ತಡಿ, ಬರೀ ಡಬ್ಬಿ ಕೊಡಬಾರದು,” ಎಂದರು ಸುವರ್ಣಾ. ಸಕ್ಕರೆ ಹಾಕಿದರೆ ತೂತಿನಿಂದ ಸೋರುತ್ತದೆಂದು ಮನೆಯಿಂದ ಬೆಲ್ಲದ ದಪ್ಪ ಹೆಂಟೆ ತಂದಿದ್ದರು. ಅದನ್ನು ಡಬ್ಬಿಗೆ ಹಾಕಿದರು. ಆದರೆ ತಾವು ಹಿಡಿಯಲಿಲ್ಲ. “ನೀನ ಕೊಡು,” ಎಂದರು.

ಗಂಗಾ ಎರಡೂ ಕೈಯಲ್ಲಿ ಡಬ್ಬಿ ಚಾಚಿದಳು. ಬಂಡೆಮ್ಮ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಒತ್ತಿಕೊಂಡಳು.